ಹೊಟ್ಟಿ ಉಬ್ಬಿ ಎಷ್ಟು ತಿಂಗಳಾತ್ರಿ?

ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬುವುದು ನಿಲ್ಲುವ ತನಕ ನನ್ನ ಅಂಗಡಿಯಲ್ಲಿ ಇಂಥ ಪ್ರಸಂಗಗಳೂ ನಿಲ್ಲುವುದಿಲ್ಲ. ವಾರಕ್ಕೊಂದಾದರೂ ನಡೆಯುತ್ತದೆ. ಯುಗಾದಿ ಮುಗಿದು ಬಿಸಿಲು ಏರಿತೆಂದರೆ ಎರಡೂ ನಡೆಯಬಹುದು.

ಕಲಘಟಗಿ ಬಸ್‌ಸ್ಟ್ಯಾಂಡಿನಿಂದ ಎರಡನೇ ಓಣಿಯಲ್ಲಿ ನನ್ನದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಬಾಗಿಲ ಹೊರಗೆ ಉಸುಕು ತುಂಬಿದ ಹಳೆಯ ಎಣ್ಣೆ ಡಬ್ಬಿ ಇಟ್ಟಿದ್ದೇನೆ. ಉಬ್ಬಿದ ಬ್ಯಾಟರಿ ತೆಗೆದ ಕೂಡಲೇ ಅದರೊಳಗೆ ಹೂಳುತ್ತೇನೆ. ಹುಬ್ಬಳ್ಳಿಯಿಂದ ಆಗಾಗ ಒಂದು ಗಾಡಿ ಬಂದು ಒಯ್ಯುತ್ತದೆ. ಆ ಡಬ್ಬಿಯಲ್ಲಿ ಜನ ಎಲಿಅಡಿಕೆ ಉಗುಳುವುದನ್ನು ಬಿಡಿಸಲು ನನಗೆ ಎರಡು ವರ್ಷ ಹಿಡಿಯಿತು.

ನಮ್ಮ ಕಡೆ ಬ್ಯಾಟರಿ ಉಬ್ಬಿದೆ ಎಂದು ಯಾರೂ ಹೇಳುವುದಿಲ್ಲ. ಲ್ಯಾಪ್‌ಟಾಪನ್ನು ಟೇಬಲ್ ಮೇಲಿಟ್ಟು, "ಇದರ ಹೊಟ್ಟಿ ಉಬ್ಬೈತಿ ನೋಡ್ರಿ" ಅನ್ನುತ್ತಾರೆ. ಉಬ್ಬಿ ಒಂದು ತಿಂಗಳಾಗಿದ್ದರೆ ಬ್ಯಾಟರಿ ಬದಲಾಯಿಸಿದರೆ ಮುಗಿಯಿತು. ನಾಲ್ಕಾರು ತಿಂಗಳಾಗಿದ್ದರೆ ಅದು ಮೇಲಿನ ಕೀಬೋರ್ಡನ್ನೂ, ಬೆರಳಾಡಿಸುವ ಟಚ್‌ಪ್ಯಾಡನ್ನೂ ಕೆಳಗಿನಿಂದ ಎತ್ತಿ ಹಾಳು ಮಾಡಿರುತ್ತದೆ. ಹಾಗಾಗಿ ಅಂಗಡಿ ಇಟ್ಟ ಹನ್ನೊಂದು ವರ್ಷದಿಂದ ನನ್ನ ಮೊದಲ ಪ್ರಶ್ನೆ ಒಂದೇ: "ಹೊಟ್ಟಿ ಉಬ್ಬಿ ಎಷ್ಟು ತಿಂಗಳಾತ್ರಿ?"

ಬಾಜೂ ಅಂಗಡಿಯಲ್ಲಿ ತೊಟ್ಟಿಲಿಗೆ ಬಣ್ಣ ಹಚ್ಚುವ ಕಾಕಾ ಇದ್ದಾರೆ. ಅವರ ಮೊದಲ ಪ್ರಶ್ನೆಯೂ ಹೆಚ್ಚುಕಡಿಮೆ ಅದೇ. ಒಂದು ತೊಟ್ಟಿಲಿಗೆ ಚಿತ್ರ ಬರೆದು, ಅರಗಿನ ಬಣ್ಣ ಹಚ್ಚಿ ಮುಗಿಸಲು ತಿಂಗಳುಗಟ್ಟಲೆ ಬೇಕು. ಮಗಳಿಗೋ ಸೊಸೆಗೋ ಈಗ ಎಷ್ಟನೇ ತಿಂಗಳು ಎಂದು ತಿಳಿಯದೆ ಅವರು ಆರ್ಡರ್ ಹಿಡಿಯುವುದಿಲ್ಲ. ಹೀಗೆ ಬೆಳಗಿನಿಂದ ಸಂಜೆಯವರೆಗೆ ಎರಡೂ ಅಂಗಡಿಗಳಿಂದ "ಎಷ್ಟು ತಿಂಗಳಾತ್ರಿ" ಎಂಬ ಮಾತೇ ಕೇಳಿಬರುತ್ತದೆ. ಎದುರಿನ ಚಹಾದಂಗಡಿಯವನು ನಮ್ಮ ಓಣಿಗೆ ಬಾಣಂತಿ ಓಣಿ ಎಂದು ಹೆಸರಿಟ್ಟಿದ್ದಾನೆ.

ಇದರ ನಡುವೆ ನನ್ನದೇ ಒಂದು ಗೋಳು. ಮೂವತ್ತೈದು ದಾಟಿದರೂ ನನಗೆ ಲಗ್ನವಾಗಿರಲಿಲ್ಲ. ಹನ್ನೊಂದು ಕನ್ಯಾ ನೋಡಿ ಬಂದಿದ್ದೆ. ಹನ್ನೊಂದು ಮನೆಯಲ್ಲೂ ಉಪ್ಪಿಟ್ಟು ಬೇರೆ ಬೇರೆ ಇತ್ತು, ಉತ್ತರ ಒಂದೇ ಇತ್ತು: "ಹುಡುಗ ಚಲೋ ಅದಾನ್ರಿ, ಖರೆ ನೌಕರಿ ಇಲ್ಲಲ್ರಿ." ಅಂಗಡಿ ಇಟ್ಟವನಿಗೆ ಕೆಲಸವಿರುತ್ತದೆ, ನೌಕರಿ ಇರುವುದಿಲ್ಲ. ನನಗೆ ಬೇಜಾರಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ನನಗಿಂತ ಬೇಜಾರು ಕಾಕಾನಿಗೆ. ನನ್ನ ಮಗುವಿನ ತೊಟ್ಟಿಲಿಗೆಂದು ಅವರು ಒಂದು ಸಾಗವಾನಿ ಹಲಗೆಯನ್ನು ಎಂಟು ವರ್ಷದ ಹಿಂದೆಯೇ ಅಟ್ಟದ ಮೇಲೆ ಎತ್ತಿಟ್ಟಿದ್ದರು.

"ಲೇ ತಮ್ಮಾ, ಆ ಹಲಿಗಿ ಒಣಗಿ ಒಣಗಿ, ಇನ್ನ ಅದರಾಗ ಒಣಗೂದು ಏನೂ ಉಳದಿಲ್ಲ ನೋಡು" ಎಂದು ವಾರಕ್ಕೊಮ್ಮೆ ಹೇಳುತ್ತಿದ್ದರು.

ತುಂಬಿದ್ದು ಇದ್ರ ಕೊಡ್ರಿ

ಬಮ್ಮಿಗಟ್ಟಿಯ ರೈತರೊಬ್ಬರು ಮಗಳ ಕಾಲೇಜಿನ ಲ್ಯಾಪ್‌ಟಾಪನ್ನು ಟಾವೆಲಿನಲ್ಲಿ ಸುತ್ತಿಕೊಂಡು ಬಂದರು. ಟಾವೆಲ್ ಬಿಚ್ಚಿದರೆ ಒಳಗಿನದು ಹಂಚಿನ ಮೇಲಿನ ರೊಟ್ಟಿಯ ಹಾಗೆ ಉಬ್ಬಿತ್ತು.

"ಹೊಟ್ಟಿ ಉಬ್ಬಿ ಎಷ್ಟು ತಿಂಗಳಾತ್ರಿ?"

"ಎರಡು ತಿಂಗಳಾತ್ರಿ. ಅದಕ್ಕೇನೂ ಆಗಿಲ್ರಿ, ಅಗದಿ ಗಟ್ಟಿ ಐತಿ. ಮುಚ್ಚಳ ಒಂದು ಮುಚ್ಚವಲ್ದು, ಅದನ್ನ ಸರಿ ಮಾಡಿಕೊಡ್ರಿ."

ಮುಚ್ಚಳ ಮುಚ್ಚದಿರುವುದು ಬ್ಯಾಟರಿ ಉಬ್ಬಿದ್ದರಿಂದ ಎಂದು ನಾನು ಹೇಳಿದೆ. ಅವರು ತಲೆಯಾಡಿಸಿ ನನ್ನನ್ನು ಸಮಾಧಾನ ಮಾಡಿದರು.

"ಉಬ್ಬಿಲ್ರಿ ಅದು, ತುಂಬೈತಿ. ನಮ್ಮೂರಾಗ ಕರೆಂಟ್ ಯಾವಾಗ ಬರತೈತಿ ಯಾವಾಗ ಹೋಗತೈತಿ ಗೊತ್ತಾಗೂದಿಲ್ಲ. ಅದಕ್ಕ ವಯರ್ ತಗದ ಇಲ್ರಿ. ಬಂದಷ್ಟೂ ತುಂಬಿಕೊಳ್ಳಲಿ ಅಂತ ಹಂಗ ಬಿಟ್ಟೇವಿ."

ಲ್ಯಾಪ್‌ಟಾಪಿನಲ್ಲಿ ಈಗ ಎಂಟು ದಿನಕ್ಕಾಗುವಷ್ಟು ಕರೆಂಟ್ ಇದೆ ಎಂದು ಅವರು ಊರಲ್ಲೆಲ್ಲ ಹೇಳಿಕೊಂಡಿದ್ದರು. ಒಳಗಿರುವುದು ಕರೆಂಟಲ್ಲ, ಕೆಟ್ಟ ಗ್ಯಾಸು. ಇನ್ನು ಸ್ವಲ್ಪ ದಿನ ಹೀಗೇ ಬಿಟ್ಟರೆ ಬೆಂಕಿ ಹತ್ತಬಹುದು ಎಂದು ನಾನು ಅರ್ಧ ತಾಸು ಬಿಡಿಸಿ ಹೇಳಿದೆ. ಬೆಂಕಿ ಎಂದ ಮೇಲೆ ಒಪ್ಪಿದರು. ಹಳೆಯದನ್ನು ತೆಗೆದು ಉಸುಕಿನಲ್ಲಿಟ್ಟು, ಹೊಸ ಬ್ಯಾಟರಿಯನ್ನು ಕವರಿನಿಂದ ಹೊರತೆಗೆದೆ. ಅದನ್ನು ಅವರು ಎರಡೂ ಬದಿಗೆ ತಿರುವಿ ನೋಡಿದರು. ಮುಖ ಸಣ್ಣದಾಯಿತು.

"ಇದೇನ್ರಿ, ಅಗದಿ ಬಡಕಲ ಐತಿ. ಒಳಗ ಏನೂ ಇಲ್ಲ ಅಂತ ಮ್ಯಾಲಿಂದನ ಕಾಣತೈತಿ. ದೂರಿಂದ ಬಂದೇನ್ರಿ, ತುಂಬಿದ್ದು ಒಂದು ಇದ್ರ ಕೊಡ್ರಿ."

ಎಡಗಡೆ ಪಕ್ಕೆ

ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರು ದಿನಾ ಹನ್ನೊಂದಕ್ಕೆ ಚಹಾ ಕುಡಿದು ನನ್ನ ಅಂಗಡಿಯಲ್ಲಿ ಪೇಪರ್ ಓದುತ್ತಾರೆ. ಒಂದು ದಿನ ಅವರು ಕೂತಿದ್ದಾಗ ಗಿರಾಕಿಯೊಬ್ಬ ಲ್ಯಾಪ್‌ಟಾಪ್ ತಂದ. ನಾನು ಎಂದಿನಂತೆ ತಿಂಗಳು ಕೇಳಿದೆ, ಮೂರು ಎಂದ. ಬ್ಯಾಟರಿ ಬಿಚ್ಚಿ ಟೇಬಲ್ ಮೇಲಿಟ್ಟು ಉಸುಕಿನ ಡಬ್ಬಿ ತರಲು ಹೊರಗೆ ಹೋದೆ. ಡಬ್ಬಿ ಎತ್ತಿಕೊಂಡು ಬರುವಷ್ಟರಲ್ಲಿ ಕಂಪೌಂಡರು ಕನ್ನಡಕ ಏರಿಸಿ, ಎಡಗೈಯಲ್ಲಿ ಬ್ಯಾಟರಿ ತಟ್ಟುತ್ತ, ಬಲಗೈಯಲ್ಲಿ ನನ್ನ ದಬ್ಬಣ ಹಿಡಿದು ನಿಂತಿದ್ದರು.

ನಾನು ಡಬ್ಬಿ ಕೈಬಿಟ್ಟು ಅವರ ಕೈ ಹಿಡಿದೆ.

"ಯಾಕಪಾ, ಅಂಜಬ್ಯಾಡ. ಹಸಿ ಮೇವು ತಿಂದು ಹೊಟ್ಟಿ ಉಬ್ಬರಿಸಿದ ಎಮ್ಮಿ ಎಷ್ಟು ನೋಡೇನಿ ನಾ. ಎಡಗಡೆ ಪಕ್ಕಿಗೆ ಒಂದು ಚುಚ್ಚಿ ಗ್ಯಾಸ್ ಬಿಟ್ರ ಮುಗೀತು. ಎದ್ದು ನೀರು ಕುಡೀತೈತಿ."

"ಕಂಪೌಂಡರ್ರ, ಇದಕ್ಕ ಚುಚ್ಚಿದ್ರ ಬೆಂಕಿ ಹತ್ತತೈತ್ರಿ. ನೀವು ನಾನು ಇಬ್ಬರೂ ಏಳೂದಿಲ್ಲ."

ಅವರು ದಬ್ಬಣ ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ಶೇಂಗಾ ಎಣ್ಣಿ ಕುಡಿಸಿ ನೋಡಿದ್ರ?" ಎಂದರು.

"ದನಾ ಅಲ್ರಿ ಇದು."

"ದನಾ ಅಲ್ಲಂದ್ರ ಬಂದ ಕೂಡ್ಲೇ ಅವಂಗ ಹೊಟ್ಟಿ ಉಬ್ಬಿ ಎಷ್ಟು ತಿಂಗಳಾತು ಅಂತ ಯಾಕ ಕೇಳಿದಿ? ಮತ್ತ ನೀ ಕೇಳೂದೂ ತಪ್ಪು ನೋಡು. ಉಬ್ಬರ ಅನ್ನೂದು ತಾಸಿನ ಲೆಕ್ಕದ್ದು. ತಿಂಗಳ ಲೆಕ್ಕ ಕೇಳೂದು ಗಬ್ಬಕ್ಕ."

ಗಿರಾಕಿ ನಕ್ಕ. ಕಾಕಾ ಹಲಗೆ ಗೋಡೆಯ ಆಚೆಯಿಂದ ನಕ್ಕರು. ನಾನು ಮಾತ್ರ ಆ ಪ್ರಶ್ನೆಯನ್ನು ಬದಲಿಸಲಿಲ್ಲ. ಅದರ ಫಲ ಆಮೇಲೆ ಉಂಡೆ.

ಬೀಸೋಕಲ್ಲು

ನನಗೆ ಏಳನೇ ತರಗತಿಗೆ ಕಲಿಸಿದ ಮಾಸ್ತರರು ತಮ್ಮ ಲ್ಯಾಪ್‌ಟಾಪ್ ತಂದರು. ನಡುವೆ ಚಪ್ಪಟೆಯಾಗಿ ಎರಡೂ ಬಾಜು ಉಬ್ಬಿತ್ತು. ಇಂಥ ಉಬ್ಬು ನಾನು ಕಂಡಿರಲಿಲ್ಲ.

"ಎರಡು ದಿನ ಬೀಸೂಕಲ್ಲಿನ ಕೆಳಗ ಇಟ್ಟಿದ್ದೆ" ಎಂದರು.

"ಸರ್, ಉಬ್ಬಿದ ಬ್ಯಾಟರಿ ಮ್ಯಾಲ ಭಾರ ಇಡಬಾರದ್ರಿ. ಅಪಾಯ ಐತಿ."

"ಮೂವತ್ತು ವರ್ಷ ತಲಿ ಎತ್ತಿದವರನ್ನೆಲ್ಲಾ ಒತ್ತಿ ಕುಂಡ್ರಿಸೇನಿ. ಇದು ಯಾವ ದೊಡ್ಡದು."

"ಅವರೊಳಗ ಎಷ್ಟು ಮಂದಿ ನೆಟ್ಟಗಾದ್ರು ಸರ್?"

ಮಾಸ್ತರರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಲಗ್ನವಾಗದೆ, ನೌಕರಿಯಿಲ್ಲದೆ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದೆ.

"ಬ್ಯಾಟರಿ ಬದಲಿ ಮಾಡಿಬಿಡು" ಎಂದರು.

ಏಳು ಕುಕ್ಕರ್

ಬೀಜ ಗೊಬ್ಬರದ ಅಂಗಡಿಯ ಸಾವ್ಕಾರರು ಹೆಂಡತಿಗೊಂದು ಕುಕ್ಕರ್ ತರಿಸಲು ಲ್ಯಾಪ್‌ಟಾಪಿನಲ್ಲಿ ಆರ್ಡರ್ ಮಾಡುತ್ತಿದ್ದರು. ನಡುವೆ ಗಿರಾಕಿ ಬಂದರೆಂದು ಎದ್ದು ಹೋದರು. ನಾಲ್ಕು ದಿನ ಬಿಟ್ಟು ಮನೆಗೆ ಏಳು ಕುಕ್ಕರ್ ಬಂದವು.

ಅದು ಮೊದಲು. ಆಮೇಲೆ ಲ್ಯಾಪ್‌ಟಾಪ್ ತನ್ನಿಂದ ತಾನೇ ಸಿನಿಮಾ ಹಚ್ಚಿತು. ಬೀಗರಿಗೆ ಒಂದು ಶ್ರದ್ಧಾಂಜಲಿಯ ಚಿತ್ರ ಕಳಿಸಿತು; ಬೀಗರು ಆರಾಮಾಗಿಯೇ ಇದ್ದರು. ಸಾವ್ಕಾರರು ಇದು ಯಾರೋ ಮಾಟ ಮಾಡಿಸಿದ್ದೇ ಎಂದು ತೀರ್ಮಾನಿಸಿ, ಮಂತ್ರಿಸಿ ಕೊಡುವ ಒಬ್ಬ ಅಜ್ಜನ ಹತ್ತಿರ ಹೋಗಿ ತಾಯಿತ ಮಾಡಿಸಿಕೊಂಡು ಬಂದರು. ಅದನ್ನು ತಮಗೆ ಕಟ್ಟಿಕೊಂಡಿರಲಿಲ್ಲ, ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಕರಿ ದಾರದಿಂದ ಕಟ್ಟಿದ್ದರು.

ನಾನು ತೆರೆದು ನೋಡಿದೆ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನು ಕೆಳಗಿನಿಂದ ಒತ್ತುತ್ತಿತ್ತು. ಮನುಷ್ಯ ಮೇಲಿನಿಂದ ಒತ್ತಿದರೂ ಬ್ಯಾಟರಿ ಕೆಳಗಿನಿಂದ ಒತ್ತಿದರೂ ಲ್ಯಾಪ್‌ಟಾಪಿಗೆ ಎರಡೂ ಒಂದೇ. ಬಾಣದ ಗುರುತು ಎಲ್ಲಿ ನಿಂತಿರುತ್ತದೋ ಅಲ್ಲಿ ಅದು ಒತ್ತುತ್ತಲೇ ಹೋಗುತ್ತದೆ. ಕುಕ್ಕರಿನ ಮುಂದೆ ನಿಂತಿತ್ತು, ಏಳು ಸಲ ಒತ್ತಿತು. ಇದನ್ನು ತಿಳಿಸಿ ಹೇಳಿ, ಬ್ಯಾಟರಿ ಬದಲಾಯಿಸಿ, ತಾಯಿತ ಬಿಚ್ಚಲು ಕತ್ತರಿ ತೆಗೆದೆ. ಸಾವ್ಕಾರರು ನನ್ನ ಕೈ ಹಿಡಿದರು.

"ಬ್ಯಾಟರಿ ನಿಮ್ಮದು, ತಾಯಿತ ಅಜ್ಜಂದು. ಆರಾಮಾಗಿದ್ದು ಯಾವುದರಿಂದ ಅಂತ ನಮಗ ಹ್ಯಾಂಗ ಗೊತ್ತಾಗಬೇಕು? ಎರಡೂ ಇರಲಿ ಬಿಡ್ರಿ."

ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತು, "ಒಂದು ಕುಕ್ಕರ್ ನಿಮ್ಮ ಲಗ್ನಕ್ಕ ಎತ್ತಿಟ್ಟೇನಿ. ತುಕ್ಕ ಹಿಡಿಯೂದ್ರಾಗ ಒಂದು ಮಾಡಿಕೋರಿ" ಎಂದರು.

ಹನ್ನೆರಡನೇ ಕನ್ಯಾ

ವಧೂವರರ ಜಾಲತಾಣವೊಂದರಲ್ಲಿ ನನ್ನ ಹೆಸರು ಹಾಕಿದ್ದೆ. ಉದ್ಯೋಗ ಎಂಬಲ್ಲಿ ಏನು ಬರೆಯಬೇಕೆಂದು ತಿಳಿಯದೆ ಅಂಗಡಿಯ ಬೋರ್ಡಿನ ಮೇಲಿದ್ದುದನ್ನೇ ಇಳಿಸಿದ್ದೆ: ಲ್ಯಾಪ್‌ಟಾಪ್ ರಿಪೇರಿ. ಉಬ್ಬಿದ ಬ್ಯಾಟರಿ ಮನೆಗೇ ಬಂದು ಬದಲಾಯಿಸಿ ಕೊಡಲಾಗುವುದು. ಅವ್ವ ಓದಿಸಿ ಕೇಳಿ ಹಣೆ ಹಣೆ ಬಡಿದುಕೊಂಡಳು. ಒಂದೂವರೆ ವರ್ಷ ಯಾರೂ ಅದರ ಕಡೆ ನೋಡಲಿಲ್ಲ.

ಒಂದು ಸೋಮವಾರ ಅಣ್ಣಿಗೇರಿಯಿಂದ ಒಪ್ಪಿಗೆ ಬಂತು. ಹುಡುಗಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ತಂದೆ ನಿವೃತ್ತ ಬಸ್ ಕಂಡಕ್ಟರ್. ಅಂದರೆ ಹುಡುಗಿಗೇ ನೌಕರಿ. ನಾನು ಮೂರು ಸಲ ಓದಿದೆ. ಕಾಕಾ ಕನ್ನಡಕ ಹಾಕಿಕೊಂಡು ಓದಿದರು, ಹೋಗಿ ಅಟ್ಟದ ಮೇಲಿನ ಹಲಗೆಯ ಧೂಳು ಒರೆಸಿದರು. ಒಂದು ವಾರ ಬಿಟ್ಟು ಫೋನ್ ಮಾಡಿ ಮಾತಾಡಿ, ಆ ಭಾನುವಾರ ಅವ್ವ, ಹಿರಿಯರೆಂದು ಕಾಕಾ, ನಾನು ಹೊರಟೆವು.

ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಈ ಸಲ ಉಪ್ಪಿಟ್ಟಲ್ಲ, ಅವಲಕ್ಕಿ. ಒಳ್ಳೆಯ ಲಕ್ಷಣ ಎಂದು ಅವ್ವ ಕಿವಿಯಲ್ಲಿ ಹೇಳಿದಳು. ಹುಡುಗಿ ಬಂದು ನಮಸ್ಕಾರ ಮಾಡಿ ಗೋಡೆಯ ಬಳಿ ಸಣ್ಣ ಟೇಬಲ್ ಪಕ್ಕದ ಕುರ್ಚಿಯಲ್ಲಿ ಕೂತಳು. ನನ್ನ ಕಣ್ಣು ಅವಳ ಮುಖಕ್ಕೆ ಹೋಗುವ ದಾರಿಯಲ್ಲಿ ಟೇಬಲ್ ಮೇಲೆ ಸಿಕ್ಕಿಹಾಕಿಕೊಂಡಿತು.

ಟೇಬಲ್ ಮೇಲೆ ಒಂದು ಲ್ಯಾಪ್‌ಟಾಪ್ ಇತ್ತು. ಕೀಬೋರ್ಡಿನ ನಡುಭಾಗ ದಿಬ್ಬವಾಗಿತ್ತು. ಟಚ್‌ಪ್ಯಾಡ್ ಒಂದು ಬದಿಗೆ ಬಾಯಿ ಬಿಟ್ಟಿತ್ತು. ಮೇಲಾಗಿ ಅದನ್ನು ಚಾರ್ಜಿಗೆ ಹಾಕಿದ್ದರು, ಕಿಟಕಿಯ ಬಿಸಿಲು ನೇರ ಅದರ ಮೇಲೆ ಬೀಳುತ್ತಿತ್ತು. ಅವಳ ಮೊಣಕೈ ಅದರಿಂದ ಒಂದು ಗೇಣು ದೂರ. ನಾನು ಅವಲಕ್ಕಿಯ ತಟ್ಟೆ ಕೆಳಗಿಟ್ಟೆ. ನಾನು ಕಣ್ಣು ಕೀಳದೆ ಆ ಕಡೆಯೇ ನೋಡುತ್ತಿದ್ದುದನ್ನು ಕಂಡು ಅವರ ಮನೆಯವರಿಗೆಲ್ಲ ಖುಷಿಯಾಯಿತು.

"ಏನರ ಕೇಳೂದಿದ್ರ ಕೇಳ್ರಿ. ಸಂಕೋಚ ಮಾಡಬ್ಯಾಡ್ರಿ" ಎಂದರು ಹುಡುಗಿಯ ತಂದೆ.

ಹನ್ನೊಂದು ಮನೆಗಳಲ್ಲಿ ನಾನು ಈ ಮಾತಿಗೆ ಹೆಸರೇನು, ಎಲ್ಲಿ ಕಲಿತಿರಿ ಎಂದು ಕೇಳಿದ್ದೆ. ಆದರೆ ಬಾಯಿಗೆ ಹನ್ನೊಂದು ವರ್ಷದ ಅಭ್ಯಾಸ ಬೇರೆ ಇತ್ತು.

"ಹೊಟ್ಟಿ ಉಬ್ಬಿ ಎಷ್ಟು ತಿಂಗಳಾತ್ರಿ?" ಎಂದೆ.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಅವ್ವ ನನ್ನ ತೊಡೆ ಚಿವುಟಿದಳು; ಆ ಗುರುತು ಎಂಟು ದಿನ ಇತ್ತು. ಹುಡುಗಿಯ ತಂದೆ ಚಹಾದ ಕಪ್ಪನ್ನು ಬಾಯಿಗೂ ತರಲಿಲ್ಲ, ಕೆಳಗೂ ಇಡಲಿಲ್ಲ.

ಹುಡುಗಿ ನನ್ನ ಕಣ್ಣು ಎಲ್ಲಿದೆಯೆಂದು ನೋಡಿದಳು. ಆಮೇಲೆ ಶಾಂತವಾಗಿ, "ನಾಲ್ಕು ತಿಂಗಳಾತ್ರಿ" ಎಂದಳು.

ತಂದೆ ಕುರ್ಚಿಗೆ ಒರಗಿದರು. ಕಾಕಾ ಅಲ್ಲಿಯವರೆಗೆ ಅವಲಕ್ಕಿಯಲ್ಲಿ ಮುಳುಗಿದ್ದರು. ನಾಲ್ಕು ತಿಂಗಳು ಎಂಬ ಮಾತು ಕಿವಿಗೆ ಬಿದ್ದದ್ದೇ, ನಲವತ್ತು ವರ್ಷ ತೊಟ್ಟಿಲು ಮಾರಿದ ಬಾಯಿ ತಾನಾಗಿ ತೆರೆಯಿತು.

"ನಾಲ್ಕಂದ್ರ ಅಡ್ಡಿಯಿಲ್ಲವಾ. ಇನ್ನೂ ಐದು ಅದಾವ. ತೊಟ್ಟಿಲಾ ಆರಾಮ ತಯಾರ ಆಕ್ಕೈತಿ."

ತಂದೆ ಎದ್ದು ನಿಂತರು. ಅವರು ಏನಾದರೂ ಅನ್ನುವ ಮೊದಲು ಹುಡುಗಿ ಎದ್ದು, ಚಾರ್ಜರಿನ ವಯರ್ ಕಿತ್ತು, ಲ್ಯಾಪ್‌ಟಾಪನ್ನು ತಂದು ಅವರ ಮುಂದೆ ಇಟ್ಟಳು.

"ಅಪ್ಪಾ, ಅವರು ಕೇಳಿದ್ದು ಇದರ ಹೊಟ್ಟಿ."

ತಂದೆ ಲ್ಯಾಪ್‌ಟಾಪ್ ನೋಡಿದರು, ಮಗಳನ್ನು ನೋಡಿದರು, ಮತ್ತೆ ಲ್ಯಾಪ್‌ಟಾಪ್ ನೋಡಿ ಚಹಾ ಕುಡಿದರು. ಕಾಕಾ ಮಾತ್ರ ನಾ ಏನಂದೆ ಎಂದು ಅವ್ವನನ್ನು ಕೇಳುತ್ತಿದ್ದರು.

ನನಗೆ ಆಗ ಬೇರೆಯದೇ ಹೊಳೆಯಿತು. ಟಚ್‌ಪ್ಯಾಡ್ ಈ ಸ್ಥಿತಿಯಲ್ಲಿದ್ದರೆ ನನಗೆ ಬಂದ ಒಪ್ಪಿಗೆ ಯಾರು ಒತ್ತಿದ್ದು? ಏಳು ಕುಕ್ಕರ್ ನೆನಪಾದವು. ಸುಮ್ಮನಿದ್ದರೆ ಕಾಕಾನ ಹಲಗೆ ಕೆಳಗಿಳಿಯಬಹುದಿತ್ತು. ಆದರೆ ಅವಳು ಒತ್ತದ ಒಪ್ಪಿಗೆ ಹಿಡಿದುಕೊಂಡು ಆ ಮನೆಯ ಅವಲಕ್ಕಿ ತಿನ್ನುವುದು ನನಗೆ ಸರಿ ಕಾಣಲಿಲ್ಲ.

"ಒಂದು ಮಾತು ಹೇಳಬೇಕ್ರಿ. ನನಗ ಒಪ್ಪಿಗಿ ಕಳಿಸಿದ್ದು ನೀವಲ್ಲ ಅನಸ್ತೈತಿ. ಈ ಬ್ಯಾಟರಿ."

"ಹೌದ್ರಿ" ಎಂದಳು. "ಶಾಲಿಗೆ ಹೋದಾಗ ಆ ವಧೂವರರ ಪುಟ ತಗದ ಬಿಟ್ಟಿದ್ದೆ. ಒಬ್ಬರಿಗೆ ಒಪ್ಪಿಗಿ ಒತ್ತಿದ್ರ ಮುಂದಿನವರ ಫೋಟೋ ಅಲ್ಲೇ ಬರತೈತಿ. ಸಂಜಿಗೆ ಬಂದು ನೋಡಿದ್ರ ಇಪ್ಪತ್ಮೂರು ಮಂದಿಗೆ ಒಪ್ಪಿಗಿ ಹೋಗಿತ್ತು."

ಅವ್ವ ಸೆರಗು ಸರಿಮಾಡಿಕೊಂಡು ಏಳಲು ನೋಡಿದಳು. ನಾನೂ ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆಂದು ಲೆಕ್ಕ ಹಾಕಿದೆ. ಹನ್ನೆರಡನೆಯದು ಮುಗಿಯಿತು ಎಂದುಕೊಂಡೆ.

"ಮರುದಿನ ಕುಂತು ಇಪ್ಪತ್ತೆರಡು ಮಂದಿಗೆ ತಪ್ಪಾಗೈತಿ ಅಂತ ಬರದು ಕಳಿಸಿದೆ" ಎಂದು ಅವಳು ಕೂತಳು.

ತಂದೆ ಕಂಡಕ್ಟರ್ ಆಗಿದ್ದವರು. ಬಸ್ಸಿನಲ್ಲಿ ತಲೆ ಎಣಿಸುವ ಹಾಗೆ ತುಟಿ ಅಲ್ಲಾಡಿಸಿದರು. "ಇಪ್ಪತ್ಮೂರರಾಗ ಇಪ್ಪತ್ತೆರಡು ಇಳದ್ರು" ಎಂದು ನನ್ನ ಕಡೆ ನೋಡಿದರು. "ಒಬ್ಬರು ಕುಂತಾರ."

"ಕುಂದರ್ಲಿ" ಎಂದಳು ಹುಡುಗಿ. "ಆ ತಿಂಗಳ ಕೇಳೂದು ಒಂದು ಬಿಟ್ರ ಸಾಕು."

ಅಡುಗೆಮನೆಯಲ್ಲಿ ಸೌಟು ಮತ್ತೆ ಸದ್ದು ಮಾಡಿತು. ನನಗೆ ಎರಡನೇ ಸಲ ಅವಲಕ್ಕಿ ಬಂತು.

ಲಗ್ನಕ್ಕೆ ಸಾವ್ಕಾರರು ಕುಕ್ಕರ್ ತಂದರು, ಅದಕ್ಕೂ ಒಂದು ತಾಯಿತ ಕಟ್ಟಿದ್ದರು. ಕಂಪೌಂಡರು ಅಕ್ಷತೆ ಹಾಕುವಾಗ, "ಹೇಳಿದ್ನಲ್ಲ, ತಿಂಗಳ ಕೇಳೂದು ಗಬ್ಬಕ್ಕ" ಎಂದು ನನ್ನ ಕಿವಿಯಲ್ಲಿ ಮತ್ತೊಮ್ಮೆ ಹೇಳಿದರು. ನಾನು ಈಗ ಗಿರಾಕಿಗಳಿಗೆ, "ಯಾವಾಗಿಂದ ಹಿಂಗಾಗೈತ್ರಿ" ಎಂದಷ್ಟೇ ಕೇಳುತ್ತೇನೆ. ಕಾಕಾ ಹಲಗೆಯನ್ನು ಅಟ್ಟದಿಂದ ಇಳಿಸಿ, ನಾನು ದಿನಾ ಎಡವಲಿ ಎಂದೇ ಇರಬೇಕು, ಎರಡೂ ಅಂಗಡಿಗಳ ನಡುವೆ ನಿಲ್ಲಿಸಿದ್ದಾರೆ.

ಒಂದು ಮಾತು ಮಾತ್ರ ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಆ ಇಪ್ಪತ್ಮೂರರಲ್ಲಿ ಇಂಜಿನಿಯರುಗಳಿದ್ದರು, ಬ್ಯಾಂಕಿನವರಿದ್ದರು, ಒಬ್ಬ ಡಾಕ್ಟರೂ ಇದ್ದನಂತೆ. ಅವರನ್ನೆಲ್ಲ ಇಳಿಸಿ ನನ್ನೊಬ್ಬನನ್ನು ಯಾಕೆ ಉಳಿಸಿಕೊಂಡಳು? ನನ್ನ ಫೋಟೋ ಅಷ್ಟು ಚೆನ್ನಾಗಿ ಬಂದಿತ್ತೆಂದು ಒಳಗೊಳಗೇ ನಂಬಿದ್ದೆ. ಮೊನ್ನೆ ಭಾನುವಾರ ಅವಳು ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಾಗ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

ಅವಳು ಕೆಂಪು ಪೆನ್ನು ಎತ್ತಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಬ್ಯಾಟರಿ ಬದಲಿ ಮಾಡಸೂದಿತ್ತು. ಮನಿಗೇ ಬಂದು ಹಾಕಿಕೊಡ್ತೀನಿ ಅಂತ ನೀವ ಬರೆದಿದ್ರಲ್ರಿ."